ತುತ್ತೂರಿಯೊಳಗಿನ ಐದು ಕಾಲಿನ ದೆವ್ವ

ಐದು ಕಾಲಿನ, ತಲೆಯಿಲ್ಲದ ದೆವ್ವವನ್ನು ನಾನು ಕಣ್ಣಾರೆ ನೋಡಿದ್ದೇನೆ. ನಂಬುವುದಿಲ್ಲವೇ? ಬೇಡ ಬಿಡಿ. ಸಿಂದಗಿಯಲ್ಲಿ ನನ್ನ ಮಾತು ನಂಬಿ ಕೆಟ್ಟವರೇ ಹೆಚ್ಚು. ಆದರೆ ನಿನ್ನೆ ಸೊಸೆ ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಫೋಟೋ ಕಾಕಾ ನೆನಪಾದ...

ಅರವತ್ತರ ದಶಕ. ನಾನು ಬ್ಯಾಂಡ್ ಕಂಪನಿಯಲ್ಲಿ ಡೋಲು ಬಡಿಯುತ್ತಿದ್ದೆ. ನನ್ನಂಥ ಡೋಲಿನವ ಇಂಡಿಯಿಂದ ಮುದ್ದೇಬಿಹಾಳದವರೆಗೆ ಇನ್ನೊಬ್ಬನಿರಲಿಲ್ಲ. ಕಾಕಾ ನಮ್ಮೂರಿನ ಒಬ್ಬನೇ ಫೋಟೋದವನು. ನಮ್ಮ ಬ್ಯಾಂಡ್ ಮಾಸ್ತರರು ಸಾಬರು. ಅವರ ಹೊಸ ಹಿತ್ತಾಳೆ ತುತ್ತೂರಿಯನ್ನು ಹುಣಸೆ ಹಚ್ಚಿ, ಕನ್ನಡಿಯಂತೆ ಹೊಳೆಯಿಸಿ ಅವನ ಮುಂದಿಟ್ಟೆವು. ಅವನು ಫೋಟೋ ತೆಗೆದು ಅಂಗಡಿ ಮುಂದೆ ತೂಗುಹಾಕಿದ. ನೋಡಿದರೆ ತುತ್ತೂರಿಯ ಅಗಲ ಬಾಯೊಳಗೆ ಒಂದು ಕರಿ ಆಕಾರ! ತಲೆ ಇಲ್ಲ, ಕಾಲು ಐದು.

"ಅದು ನಾನ ರೀ! ಕರಿ ಅರಿವಿ ಹೊತಗೊಂಡು ಕ್ಯಾಮೆರಾದ ಹಿಂದ ನಿಂತಿದ್ದೆ. ಹೊಳಪಿನಾಗ ಬಿದ್ದೇನಿ" ಎಂದ ಕಾಕಾ.

"ನಿನಗ ಇರೋದು ಎರಡ ಕಾಲು. ಉಳಿದ ಮೂರು ಯಾರ್ವೋ?" ಎಂದಿತು ಗುಂಪು. ಆ ಮಾತು ನನಗೆ ಹೊಳೆಯಲಿಲ್ಲವಲ್ಲ ಎಂದು ಇಂದಿಗೂ ಹೊಟ್ಟೆಯುರಿ.

ಅವು ಕ್ಯಾಮೆರಾದ ಸ್ಟ್ಯಾಂಡಿನ ಕಾಲು ಎಂದರೆ ಕೇಳುವವರಾರು? ದೆವ್ವದ ಬಾಜಾ ಮದುವೆಗೆ ಬೇಡವೆಂದು ಒಬ್ಬೊಬ್ಬರಾಗಿ ನಮ್ಮ ಬ್ಯಾಂಡ್ ಬಿಡಿಸಿದರು. ಮನಗೂಳಿಯ ಬೀಗರು ಮಾತ್ರ ಬಂದು ಕೂತು, "ಇನ್ನೊಮ್ಮಿ ನಮ್ಮ ಮುಂದ ತಗೀ. ದೆವ್ವ ಬಂತಂದ್ರ ಬ್ಯಾಂಡ್ ಬ್ಯಾಡ" ಎಂದರು. ಆ ಮದುವೆಯೂ ತಪ್ಪಿದರೆ ಕಂಪನಿ ಮುರಿದಂತೆಯೇ. ಕಾಕಾನ ಬಳಿ ಉಳಿದದ್ದು ಫೋಟೋ ಮೂಡುವ ಒಂದೇ ಗಾಜಿನ ಪ್ಲೇಟು.

ಅವನು ಕ್ಯಾಮೆರಾ ಎತ್ತಿಕೊಂಡು ಎಡಕ್ಕೆ ಸರಿದ, ತುತ್ತೂರಿಯೊಳಗಿನ ದೆವ್ವವೂ ಸರಿಯಿತು. ಹಿಂದೆ ಹೋದ, ಅದು ಸಣ್ಣದಾಯಿತು, ಹೋಗಲಿಲ್ಲ. ಮಾಸ್ತರರ ಹಣೆಯಲ್ಲಿ ಬೆವರು. ನಾನು ಕೂಡ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಇದನ್ನಂತೂ ನೀವು ನಂಬುವುದಿಲ್ಲ.

ಕಾಕಾ ಒಳಗೆ ಹೋಗಿ ದೇವರ ಜಗಲಿಯ ಮೇಲಿದ್ದ ವಿಭೂತಿ ಗಟ್ಟಿ ತಂದ. ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಕಟ್ಟಿ, ತುತ್ತೂರಿಯ ಮೈಗೆಲ್ಲ ಮೆಲ್ಲಗೆ ತಟ್ಟಿದ. ಹೊಳಪು ಮಂಕಾಯಿತು.

"ಏನಪಾ, ಸಾಬರ ತುತೂರಿಗೆ ದೀಕ್ಷಾ ಕೊಡಾಕತ್ತೀಯೇನು?" ಎಂದರು ಮಾಸ್ತರರು.

"ಉಸರ ಬಿಡಬ್ಯಾಡ್ರಿ ಮಾಸ್ತರ, ಹಾರಿ ಹೋಗ್ತೈತಿ."

ಫೋಟೋ ತೆಗೆದು, ಪ್ಲೇಟು ತೊಳೆಯಲು ಕತ್ತಲಕೋಣೆಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ... ಬೀಗರು ಎದ್ದು ಚಪ್ಪಲಿ ಮೆಟ್ಟಿದರು. ಆಗ ಬಾಗಿಲು ತೆರೆಯಿತು. ಹಸಿ ಫೋಟೋದಲ್ಲಿ ತುತ್ತೂರಿ ಇತ್ತು, ದೆವ್ವ ಇರಲಿಲ್ಲ.

"ಇಬತ್ತಿ ಬಿದ್ದ ಕೂಡ್ಲೆ ಓಡಿ ಹೋತು ನೋಡ್ರಿ!" ಎಂದು ಬೀಗರು ಕೈಮುಗಿದರು. ಏನೋ ಹೇಳಲು ಕಾಕಾ ಬಾಯಿ ತೆರೆದ. ಮಾಸ್ತರರು ಅವನ ಕಾಲು ತುಳಿದರು. ಅಂದಿನಿಂದ ಕರೆಯಲು ಬಂದವರೆಲ್ಲ ವಿಭೂತಿ ಹಚ್ಚಿದ ತುತ್ತೂರಿಯೇ ಬೇಕೆಂದರು. ಅದು ಮತ್ತೆಂದೂ ಹೊಳೆಯಲಿಲ್ಲ.

ಊರವರನ್ನೆಲ್ಲ ಗೋಡೆಗೇರಿಸಿದ ಕಾಕಾ ತೀರಿಕೊಂಡಾಗ, ಹಾರ ಹಾಕಲು ಅವನದೊಂದು ಫೋಟೋ ಇರಲಿಲ್ಲ. ಅವನು ಕ್ಯಾಮೆರಾದ ಮುಂದೆ ನಿಂತವನೇ ಅಲ್ಲ. ಇದ್ದದ್ದು ಆ ಐದು ಕಾಲಿನದೊಂದೇ. ಅದು ನನ್ನ ಪೆಟ್ಟಿಗೆಯಲ್ಲಿದೆ, ಆಗಾಗ ತೆಗೆದು ನೋಡುತ್ತೇನೆ...

ಇಷ್ಟೆಲ್ಲದರಲ್ಲಿ ನಾನು ಕಟ್ಟಿ ಹೇಳಿದ್ದು ಈ ಪೆಟ್ಟಿಗೆಯ ಮಾತೊಂದೇ. ಪೆಟ್ಟಿಗೆಯಲ್ಲಿ ಏನೂ ಇಲ್ಲ. ದೆವ್ವ ಓಡಿತೆಂದು ನಾವೆಲ್ಲ ಕುಣಿಯುತ್ತಿದ್ದಾಗ, ಕಾಕಾ ಆ ಐದು ಕಾಲಿನ ಫೋಟೋವನ್ನು ತಾನೇ ಒಲೆಗೆ ಹಾಕಿದ್ದ.