ದೊಡ್ಡಮ್ಮನ ಸ್ಲೇಟು ಪುಸ್ತಕವಾಗಿದ್ದು

ಇಟ್ಟಮಡುವಿನಲ್ಲಿ ಇವತ್ತು ಬೆಳಿಗ್ಗೆ ನಡೆದದ್ದು, ಸ್ನೇಹಿತರೇ. ನಮ್ಮ ದೊಡ್ಡಮ್ಮ ನಾಳೆ ವಿಮಾನದಲ್ಲಿ ಕಾಶಿಗೆ ಹೊರಟಿದ್ದಾರೆ. ಮದುವೆಯಾದಾಗಿನಿಂದ ಒಂದು ದಿನವೂ ತಪ್ಪಿಸದೆ ಓದುತ್ತಿರುವ ಪಾರಾಯಣದ ಪುಸ್ತಕ ಜೊತೆಗೆ ಹೋಗಲೇಬೇಕು. ಅದರ ತೂಕವೋ ರುಬ್ಬುಗುಂಡಿನದು. ಅದನ್ನಿಟ್ಟರೆ ಬ್ಯಾಗಿನಲ್ಲಿ ಸೀರೆಗೆ ಜಾಗವಿಲ್ಲ.

ಅದೇ ಪುಸ್ತಕವನ್ನು ನನ್ನ ಇ-ಬುಕ್ ರೀಡರಿಗೆ ಇಳಿಸಿ ಕೊಟ್ಟೆ. "ಪ್ರಯಾಣಕ್ಕೆ ಇದಕ್ಕಿಂತ ಒಳ್ಳೇದಿಲ್ಲ, ದೊಡ್ಡಮ್ಮ."

"ಇದು ಸ್ಲೇಟು ಕಣೋ. ಇದನ್ನಿಟ್ಕೊಂಡು ಕೂತ್ರೆ ದೇವರು ನನ್ನ ಮತ್ತೆ ಒಂದನೇ ಕ್ಲಾಸಿಗೆ ಸೇರಿಸ್ತಾನೆ."

ನಾನು ಪರದೆಯ ಮೇಲೆ ಬೆರಳಾಡಿಸಿ, ಸಾಸಿವೆಯಷ್ಟಿದ್ದ ಅಕ್ಷರಗಳನ್ನು ಗೋಲಿಯಷ್ಟು ಮಾಡಿದೆ. ದೊಡ್ಡಮ್ಮ ಮೆಲ್ಲಗೆ ಕನ್ನಡಕ ತೆಗೆದರು. ಬರಿಗಣ್ಣಿನಲ್ಲೇ ಒಂದು ಪದ್ಯ ಓದಿದರು, ಆಮೇಲೆ ಇನ್ನೊಂದು.

"ಎಷ್ಟು ವರ್ಷ ಆಗಿತ್ತೋ, ಅಕ್ಷರದ ಮುಖ ಹೀಗೆ ನೋಡಿ" ಎಂದರು. ಮರುಕ್ಷಣವೇ, "ಆದ್ರೂ ಸ್ಲೇಟು ಸ್ಲೇಟೇ" ಎಂದು ಅದನ್ನು ಚಾಪೆಯ ಮೇಲಿಟ್ಟು ಸೀರೆ ಮಡಿಸತೊಡಗಿದರು.

ಸೋತೆನೆಂದು ನಾನು ಮೇಲೆದ್ದಾಗ ನನ್ನ ಕಾಲು ಅದಕ್ಕೆ ತಾಗಿತು.

"ಅಯ್ಯೋ ಮುಂಡೇದೇ! ಸರಸ್ವತಿಗೆ ಕಾಲು ತಾಗಿಸ್ತೀಯಾ? ಕಣ್ಣಿಗೊತ್ಕೊಳೋ!"

ಒತ್ತಿಕೊಂಡೆ. "ಸ್ಲೇಟು ಅಂದ್ರಲ್ಲ?"

"ಬಾಯ್ಮುಚ್ಚು" ಎಂದವರೇ, ಹಳೆಯ ಪುಸ್ತಕದ ರೇಷ್ಮೆ ವಸ್ತ್ರ ಬಿಚ್ಚಿ ಇದಕ್ಕೆ ಸುತ್ತಿದರು. ಸೀರೆಗೆ ಜಾಗ ಸಿಕ್ಕಿತು.

ನಾನೀಗ ಸ್ನಾನಕ್ಕೆ ಹೊರಟಿದ್ದೇನೆ. ಅದನ್ನು ಚಾರ್ಜಿಗೆ ಹಾಕಬೇಕು, ಮೈಲಿಗೆಯಲ್ಲಿ ಮುಟ್ಟುವಂತಿಲ್ಲವಂತೆ.