ಐದು ನಿಮಿಷ ಮುಂದಿದ್ದ ಗಡಿಯಾರ

ಎರಡು ತಿಂಗಳ ಹಿಂದೆ ನಮ್ಮ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರಿರುವ ಮೊಬೈಲ್ ಅಂಗಡಿಯಲ್ಲಿ ಚಾರ್ಜರ್ ರಿಪೇರಿಗೆ ಕೊಟ್ಟು ನಿಂತಿದ್ದೆ. ಅಂಗಡಿಯವನು ಬೆಸುಗೆ ಹಾಕಿದ. ಕಾದ ಸೀಸಕ್ಕೆ ರಾಳ ತಾಗಿದಾಗ ಏಳುವ ಸಣ್ಣ ಹೊಗೆ ಮೂಗಿಗೆ ಬಂತು. ಅರ್ಧ ಆಯುಸ್ಸು ಆ ಹೊಗೆ ಕುಡಿದುಕೊಂಡೇ ಅನ್ನ ತಿಂದವನು ನಾನು, ಅದೇನೂ ನನಗೆ ಹೊಸದಲ್ಲ. ಆದರೆ ಆವತ್ತು ಯಾಕೋ ಏಣಿ ಹಿಡಿದುಕೊಂಡು ಕೆಳಗೆ ನಿಂತ ಒಬ್ಬ ಹೆಂಗಸಿನ ದನಿ ಕಿವಿಯಲ್ಲಿ ಕೇಳಿಸಿತು. "ದೇವ್ರ ಮನೇಲಿ ದೂಪ ಹಾಕ್ದಂಗದೆ ಕಣಪ್ಪ ಈ ವಾಸ್ನೆ..." ಚಾರ್ಜರನ್ನು ಅಲ್ಲೇ ಮರೆತು ಮನೆಗೆ ಬಂದುಬಿಟ್ಟೆ.

ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ಗಂಟೆ ಹೊಡೆಯುವ ಕೆಲಸ ಆಕೆಯದು. ಅದೇ ಶಾಲೆಯಲ್ಲಿ ಜವಾನನಾಗಿದ್ದ ಗಂಡ ತೀರಿಕೊಂಡ ಮೇಲೆ ಆಡಳಿತ ಮಂಡಳಿಯವರು ಕರುಣೆಯಿಂದ ಕೊಟ್ಟ ಕೆಲಸ, ಆದರೆ ಕಾಯಂ ಮಾಡಿರಲಿಲ್ಲ. ದಿನಾ ಹರದನಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಒಬ್ಬಳೇ ಮಗಳು, ಅದೇ ಶಾಲೆಯಲ್ಲಿ ಹತ್ತನೇ ತರಗತಿ.

ಆಗ ತೊಂಬತ್ತರ ದಶಕದ ನಡುಗಾಲ. ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯೊಳಗೇ ಇತ್ತು. ನಾನು ಗುಂಡ್ಲುಪೇಟೆಯ ಒಂದು ವಾಚ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕೇರಳದ ಬತ್ತೇರಿ ಕಡೆಯವರು ತರುತ್ತಿದ್ದ ಗಲ್ಫ್ ವಾಚುಗಳ ಹೊಟ್ಟೆ ಬಿಚ್ಚಿ ಬಿಚ್ಚಿ ಕೈ ಪಳಗಿತ್ತು, ಜೊತೆಗೆ ಸೊಕ್ಕೂ ಬಂದಿತ್ತು. ಹೀಗಿರುವಾಗ ನಮ್ಮ ಸಾಹುಕಾರರು ಎಲ್ಲಿಂದಲೋ ಒಂದು ಹೊಸ ಏಜೆನ್ಸಿ ಹಿಡಿದು ತಂದರು. ಕಟ್ಟಡಕ್ಕೆಲ್ಲ ಒಂದೇ ಗಡಿಯಾರದ ವ್ಯವಸ್ಥೆ. ಆಫೀಸಿನಲ್ಲಿ ಒಂದು ಪೆಟ್ಟಿಗೆ, ಅದರ ಮೇಲೆ ಕೆಂಪಗೆ ಹೊಳೆಯುವ ಅಂಕಿಗಳು. ಅಲ್ಲಿಂದ ಪ್ರತಿ ಕೋಣೆಯ ಗೋಡೆ ಗಡಿಯಾರಕ್ಕೂ ವೈರು. ನಿಮಿಷಕ್ಕೊಂದು ಸಲ ಪೆಟ್ಟಿಗೆ ಒಂದು ಮಿಡಿತ ಕಳಿಸಿದರೆ ಎಲ್ಲ ಗಡಿಯಾರಗಳ ಮುಳ್ಳೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಇಡುತ್ತವೆ. ಗುಂಡಿ ಒತ್ತಿ ಪೀರಿಯಡ್ಡುಗಳನ್ನು ತುಂಬಿಸಿಬಿಟ್ಟರೆ ಗಂಟೆಯನ್ನೂ ಅದೇ ಬಾರಿಸುತ್ತದೆ. ನಾವು ಅದಕ್ಕೆ ತಾಯಿ ಗಡಿಯಾರ, ಮರಿ ಗಡಿಯಾರ ಎಂದು ಹೆಸರಿಟ್ಟುಕೊಂಡಿದ್ದೆವು. ನಮ್ಮ ಮೊದಲ ಗಿರಾಕಿಯೇ ಆ ಶಾಲೆ.

ಹನ್ನೊಂದು ಕೋಣೆ, ಒಂದು ಉದ್ದನೆ ಪಡಸಾಲೆ. ಎಂಟು ದಿನ ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಓಡಾಡಿ ವೈರು ಎಳೆದೆ. ಗಂಟೆ ಹೊಡೆಯುವಾಕೆಯ ಕೆಲಸಕ್ಕೆ ಕಲ್ಲು ಹಾಕುವ ಯಂತ್ರ ತಂದಿದ್ದೇನೆ, ಆಕೆ ಮುಖ ಕೊಟ್ಟು ಮಾತಾಡಲಾರಳು ಎಂದುಕೊಂಡಿದ್ದೆ. ಆಕೆಯೋ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದು ಏಣಿ ಹಿಡಿಯುತ್ತಿದ್ದಳು.

"ಬರ್ಲಿ ಬುಡಪ್ಪ. ಕಸ ಗುಡ್ಸೋದು, ನೀರು ತುಂಬೋದು ಎಂಗೂ ಇದ್ದೇ ಅದೆ. ಅನ್ನೆರಡು ವರ್ಸದಿಂದ ತುತ್ತಿಗೊಂದ್ಸಲ ಗಡಿಯಾರ ನೋಡ್ಕಂಡೇ ಉಂಡಿವ್ನಿ. ಇನ್ಮೇಲಾರೂ ಕೂತ್ಕಂಡು ಉಣ್ತೀನಿ" ಅಂದಳು.

ಆಕೆಯ ಕಣ್ಣು ಎಂಥದೆಂದರೆ, ನಾನು ಎಲ್ಲ ಮುಗಿಯಿತೆಂದು ಬೀಗುತ್ತಿದ್ದ ದಿನ ಹನ್ನೊಂದೂ ಕೋಣೆ ಸುತ್ತಿ ಬಂದು, "ಕೊನೆ ರೂಮಿಂದು ಒಂದ್ನಿಮ್ಸ ಇಂದೆ ಓಡ್ತಾ ಅದೆ" ಎಂದಳು. ನೋಡಿದರೆ ನಿಜ. ಆ ಒಂದು ಗಡಿಯಾರಕ್ಕೆ ಎರಡು ವೈರುಗಳನ್ನು ಅದಲು ಬದಲು ಕೊಟ್ಟಿದ್ದೆ, ಅದು ಮೊದಲ ಮಿಡಿತವನ್ನು ತಪ್ಪಿಸಿಕೊಂಡು ಒಂದು ನಿಮಿಷ ಹಿಂದೆ ಬಿದ್ದಿತ್ತು. ಗಂಡನ ಹಳೆಯ ವಾಚನ್ನು ಆಕೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿರುತ್ತಿದ್ದಳು. ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಸದ್ದಿಗೆ ಅದನ್ನು ಕೂಡಿಸಿಕೊಂಡೇ ಮನೆ ಬಿಡುವುದು. ಎಂಟು ದಿನವೂ ನಾನು ಗುಟ್ಟಾಗಿ ನನ್ನ ವಾಚಿಗೆ ಹೋಲಿಸಿ ನೋಡಿದೆ, ಒಂದು ದಿನವೂ ಆಕೆಯದು ತಪ್ಪಲಿಲ್ಲ.

ಕೊನೆಯ ದಿನ ಟೈಮ್ ಕೂಡಿಸುವ ಹೊತ್ತಿಗೆ ಹೆಡ್ಮಾಸ್ಟರು ಬಂದು ಪಕ್ಕದಲ್ಲಿ ನಿಂತರು. "ಐದು ನಿಮಿಷ ಮುಂದಕ್ಕಿಡಪ್ಪ. ಸರಿಯಾದ ಟೈಮ್ ತೋರಿಸಿದರೆ ಈ ಬಸ್ಸಿನ ಮಕ್ಕಳು ಯಾವತ್ತೂ ಪ್ರಾರ್ಥನೆಗೆ ಸಿಕ್ಕಲ್ಲ" ಅಂದರು. ನಾನು ಇಟ್ಟೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆ ಶಾಲೆಯ ಹಳೆಯ ಗಡಿಯಾರವೂ ಐದು ನಿಮಿಷ ಮುಂದೇ ಓಡುತ್ತಿತ್ತು. ನಮ್ಮ ಮನೆಯಲ್ಲಿ ಅವ್ವ ಹತ್ತು ನಿಮಿಷ ಮುಂದಿಟ್ಟಿದ್ದಳು, ಸಾಹುಕಾರರ ಅಂಗಡಿಯದು ಏಳು ನಿಮಿಷ. ನಮ್ಮ ಕಡೆ ಗಡಿಯಾರ ನೋಡುವುದೆಂದರೆ ನೋಡಿ ಮನಸ್ಸಿನಲ್ಲಿ ಕಳೆಯುವುದು, ಅಷ್ಟೆ. ಯಾರೂ ಯಾರಿಗೂ ಕಲಿಸದೆ ಎಲ್ಲರಿಗೂ ಬರುತ್ತಿದ್ದ ಲೆಕ್ಕ ಅದು.

ಪೆಟ್ಟಿಗೆಗೆ ಬೀಗ ಹಾಕುವಾಗ ಅಕ್ಕ ಹತ್ತಿರ ಬಂದಳು.

"ದಿನಾಗ್ಲೂ ಐದು ನಿಮ್ಸ ಮುಂದಿದ್ರೆ ಇರ್ಲಿ. ಪರೀಕ್ಸೆ ದಿಸ ನಾನು ಆ ಅಳೇ ಗಡಿಯಾರ ನೋಡ್ತಿರ್ಲಿಲ್ಲ ಕಣಪ್ಪ, ರೇಡಿಯೋ ಟೈಮ್ಗೇ ಗಂಟೆ ಒಡೀತಿದ್ದೆ. ಇದುಕ್ಕೆ ಐದು ನಿಮ್ಸ ಕಳ್ಯೋಕೆ ಬತ್ತದಾ?"

ನಾನು ನಕ್ಕೆ. ಪರೀಕ್ಷೆಯ ಗಂಟೆಗಳನ್ನೂ ಹೆಡ್ಮಾಸ್ಟರು ಕೊಟ್ಟ ಚೀಟಿ ನೋಡಿ ಆಗಲೇ ತುಂಬಿಸಿದ್ದೆ. ಹತ್ತು ಗಂಟೆಗೆ ಶುರುವಿನದು, ಒಂದು ಗಂಟೆಗೆ ಮುಗಿಯುವುದು. "ಪರೀಕ್ಷೆಗೆ ಮುಂಚೆ ನಾನೇ ಬಂದು ಸರಿ ಮಾಡಿ ಹೋಗ್ತೀನಿ, ಬಿಡಕ್ಕ" ಎಂದು ಬಸ್ಸಿಗೆ ಓಡಿದೆ. ಮರೆತೆ ಎಂದು ಹೇಳಿಕೊಂಡರೆ ಇವತ್ತು ನನಗೆ ಸುಲಭವಾಗುತ್ತಿತ್ತು. ಮರೆತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನವೂ ನೆನಪಾಗಿತ್ತು. ಐದು ನಿಮಿಷಕ್ಕೋಸ್ಕರ ಅಷ್ಟು ದೂರ ಯಾರು ಹೋಗಿಬರುತ್ತಾರೆ ಎಂದು ಸುಮ್ಮನಾದೆ.

ಹತ್ತನೇ ತರಗತಿ ಪರೀಕ್ಷೆಯ ಮೊದಲ ದಿನ ನಡೆದದ್ದನ್ನು ಆಮೇಲೆ ಅವರಿವರ ಬಾಯಿಂದ ಕೇಳಿ ತಿಳಿದೆ. ಕೋಣೆ ಕಾಯಲು ಬಂದ ಮೇಷ್ಟರುಗಳೆಲ್ಲ ಬೇರೆ ಊರಿನವರು, ಆ ಶಾಲೆಯ ಗಡಿಯಾರದ ಚಾಳಿ ಅವರಿಗೆ ತಿಳಿಯದು. ಬೆಳಿಗ್ಗೆ ಗಂಟೆ ಬಾರಿಸಿದಾಗ ಪ್ರಶ್ನೆಪತ್ರಿಕೆ ಇನ್ನೂ ಕೋಣೆಗೆ ಬಂದಿರಲಿಲ್ಲ, ಹಾಗಾಗಿ ಅದು ಎಚ್ಚರಿಕೆಯ ಗಂಟೆ ಎಂದುಕೊಂಡರು. ಹೆಡ್ಮಾಸ್ಟರು ತಮ್ಮ ವಾಚು ನೋಡಿಕೊಂಡು ಕಟ್ಟು ಒಡೆದದ್ದು ಸರಿಯಾದ ಹತ್ತಕ್ಕೇ. ಆದರೆ ಮುಗಿಯುವ ಗಂಟೆ ಮಾತ್ರ ನನ್ನ ಪೆಟ್ಟಿಗೆಯ ಒಂದಕ್ಕೆ, ಅಂದರೆ ಐದು ನಿಮಿಷ ಮೊದಲೇ ಬಾರಿಸಿತು. ಗೋಡೆಯ ಗಡಿಯಾರವೂ ಗಂಟೆಯೂ ಒಂದೇ ಮಾತು ಹೇಳುವಾಗ ಕೈಯಲ್ಲಿರುವ ವಾಚನ್ನು ಯಾರು ನಂಬುತ್ತಾರೆ? ಮೇಷ್ಟರುಗಳು ಉತ್ತರಪತ್ರಿಕೆ ಕಸಿದುಕೊಳ್ಳತೊಡಗಿದರು.

ಅಕ್ಕ ಆಗ ನೀರಿನ ಕೊಡ ಹಿಡಿದು ಪಡಸಾಲೆಯಲ್ಲಿದ್ದಳು. ಬೆಳಿಗ್ಗೆಯೇ ಹೆಡ್ಮಾಸ್ಟರಿಗೆ ಹೇಳಿದ್ದಳಂತೆ, ಅವರು ಪರೀಕ್ಷೆಯ ಗಡಿಬಿಡಿಯಲ್ಲಿ ಆಮೇಲೆ ನೋಡೋಣ ಎಂದಿದ್ದರಂತೆ. ಗಂಟೆ ಕೇಳಿದ್ದೇ ಸೆರಗಿನ ಗಂಟು ಬಿಚ್ಚಿ ವಾಚು ನೋಡಿ, ಕೊಡ ಅಲ್ಲೇ ಬಿಟ್ಟು, ಒಂದೊಂದೇ ಕೋಣೆಯ ಬಾಗಿಲಿಗೆ ಹೋಗಿ ಹೇಳುತ್ತಾ ಓಡಿದಳಂತೆ. "ಇನ್ನೂ ಐದು ನಿಮ್ಸ ಅದೆ. ಬರೀರಿ, ಕೊಡ್ಬೇಡಿ." ಮಕ್ಕಳು ಕೊಟ್ಟ ಪತ್ರಿಕೆಗಳನ್ನು ವಾಪಸು ಎಳೆದುಕೊಂಡರು. ಮೇಷ್ಟರುಗಳು ಗದರಿಸಿದರು, ಗಲಾಟೆಯಾಯಿತು. ನಕಲು ಹಿಡಿಯುವ ತಂಡದವರು ಒಳಗೆ ಬಂದಾಗ ಆಕೆ ನಾಲ್ಕನೇ ಕೋಣೆಯೊಳಗೆ ನಿಂತಿದ್ದಳು. ಬಾಗಿಲ ಪಕ್ಕದ ಬೆಂಚಿನಲ್ಲಿ ಬರೆಯುತ್ತಿದ್ದವಳು ಆಕೆಯ ಮಗಳು. ಮಗಳಿಗೆ ನೆರವಾಗಲು ತಾಯಿ ಒಳಗೆ ನುಗ್ಗಿದಳು ಎನ್ನಲು ಅಷ್ಟು ಸಾಕಾಯಿತು ಅವರಿಗೆ.

ಅವತ್ತೇ ಮಧ್ಯಾಹ್ನ ಹೆಡ್ಮಾಸ್ಟರು ಅಂಗಡಿಗೆ ಫೋನ್ ಮಾಡಿದರು. ಸಂಜೆ ನಾನು ಹೋಗುವಷ್ಟರಲ್ಲಿ ಅಕ್ಕನನ್ನು ಮನೆಗೆ ಕಳಿಸಿಬಿಟ್ಟಿದ್ದರು. ಹೆಡ್ಮಾಸ್ಟರು ನನ್ನ ಮುಖ ನೋಡದೆ, "ಟೈಮ್ ಸರಿ ಮಾಡಿಬಿಡಪ್ಪ, ನಾಳೆ ವಿಚಾರಣೆಗೆ ಬರ್ತಾರೆ" ಎಂದರು. ಕೆಟ್ಟ ಮನುಷ್ಯರೇನಲ್ಲ ಅವರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು, ಹೆದರಿದ್ದರು. ನಾನೂ ಹೆದರಿದ್ದೆ. ಪೆಟ್ಟಿಗೆ ತೆರೆದು ಐದು ನಿಮಿಷ ಹಿಂದಕ್ಕೆ ಇಟ್ಟೆ. ಹನ್ನೊಂದು ಮರಿ ಗಡಿಯಾರಗಳು ಐದು ಮಿಡಿತದಷ್ಟು ಹೊತ್ತು ತಟಸ್ಥವಾಗಿ ನಿಂತು, ಆಮೇಲೆ ಏನೂ ಆಗದವರ ಹಾಗೆ ನಡೆಯತೊಡಗಿದವು.

ಮರುದಿನ ಪರೀಕ್ಷೆ ಇರಲಿಲ್ಲ. ಆಫೀಸಿನಲ್ಲಿ ವಿಚಾರಣೆಗೆ ಬಂದ ಅಧಿಕಾರಿ, ಹೆಡ್ಮಾಸ್ಟರು, ಬರೆದುಕೊಳ್ಳಲು ಒಬ್ಬ ಗುಮಾಸ್ತ, ಬಾಗಿಲ ಹತ್ತಿರ ಅಕ್ಕ. ಗಡಿಯಾರದವನು ಎಂದು ನನ್ನನ್ನೂ ಕರೆಸಿದ್ದರು. ಅಧಿಕಾರಿ ಸಮಾಧಾನದ ಮನುಷ್ಯ, ದನಿ ಎತ್ತಲಿಲ್ಲ. ಆಕೆಯ ವಾಚನ್ನು ಕೇಳಿ ತೆಗೆದುಕೊಂಡರು. ತಾಯಿ ಗಡಿಯಾರದ ಕೆಂಪು ಅಂಕಿಗಳ ಪಕ್ಕ ಹಿಡಿದು ನೋಡಿದರು. ಎರಡೂ ಒಂದೇ.

"ನಿಮ್ಮ ವಾಚೂ ಇದೂ ಒಂದೇ ಟೈಮ್ ತೋರಿಸ್ತಾ ಇದೆಯಲ್ಲಮ್ಮ. ಐದು ನಿಮಿಷ ಎಲ್ಲಿ ಬಂತು?" ಎಂದರು.

ಅಕ್ಕ ಪೆಟ್ಟಿಗೆ ನೋಡಿದಳು. ವಾಚು ನೋಡಿದಳು. ಆಮೇಲೆ ನನ್ನನ್ನು ನೋಡಿದಳು... ಆಕೆಗೆ ಆ ಕ್ಷಣಕ್ಕೇ ಅರ್ಥವಾಗಿಹೋಯಿತು, ನನಗೆ ಅದು ಕಂಡಿತು. ಅಳಲಿಲ್ಲ, ಕೂಗಾಡಲಿಲ್ಲ.

"ನೀನೇ ಯೋಳಪ್ಪ. ಐದು ನಿಮ್ಸ ಇತ್ತೋ ಇಲ್ವೋ" ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಇತ್ತು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಕೆಲಸ ಹೋದರೆ ಏನು ಮಾಡುವುದು ಎಂಬುದೂ ಜೊತೆಗೇ ಬಂತು. ಬೆಳಿಗ್ಗೆ ನಾನು ಹೊರಡುವಾಗ ಸಾಹುಕಾರರು, ಗಡಿಯಾರಕ್ಕೆ ಕೆಟ್ಟ ಹೆಸರು ತಂದುಕೊಂಡು ಬಂದರೆ ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದಿದ್ದರು. ನಾನು ಅಧಿಕಾರಿಯ ಕಡೆ ತಿರುಗಿ, "ಯಂತ್ರದಲ್ಲಿ ಯಾವ ದೋಷವೂ ಇಲ್ಲ ಸಾರ್" ಎಂದೆ. ಮಾತು ಸುಳ್ಳಲ್ಲ. ಯಂತ್ರ ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡಿತ್ತು. ಅದು ಸುಳ್ಳಲ್ಲ ಎಂಬುದನ್ನೇ ಹಿಡಿದುಕೊಂಡು ನಾನು ಎಷ್ಟೋ ವರ್ಷ ನಿದ್ದೆ ಮಾಡಿದೆ. ನಾಚಿಕೆಯಾಗುತ್ತದೆ.

ಅಕ್ಕನ ಕೆಲಸ ಹೋಯಿತು. ಮಗಳನ್ನು ಆ ವರ್ಷದ ಪರೀಕ್ಷೆಯಿಂದ ಹೊರಗೆ ಹಾಕಿದರು, ಹುಡುಗಿ ಮತ್ತೆ ಆ ಶಾಲೆಯ ಕಡೆ ಬರಲಿಲ್ಲ. ನಾನು ಆ ಶಾಲೆಗೆ ಆಮೇಲೂ ಎರಡು ಮೂರು ಸಲ ಹೋಗಬೇಕಾಯಿತು. ಒಂದು ಸಲ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಹೂವಿನ ಮೂಟೆಯ ಮೇಲೆ ಕೂತಿದ್ದಳು, ಯಾರದೋ ಚೆಂಡುಮಲ್ಲಿಗೆ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದಳೆಂದು ಕಾಣುತ್ತದೆ. ನನ್ನನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ. ನಾನು ಮಾತ್ರ ಯಾವುದೋ ಬಸ್ಸು ಸಿಕ್ಕಿತೆಂದು ಹತ್ತಿ, ಕುದೇರಿನ ತನಕ ಹೋಗಿ, ಇಳಿದು ಬಂದೆ.

ಆಮೇಲೆ ಮದುವೆ, ಮಕ್ಕಳು, ಸ್ವಂತ ಅಂಗಡಿ... ಹೇಳಬೇಕು ಎಂದು ಅನ್ನಿಸಿದಾಗೆಲ್ಲ ಈಗ ಹೇಳಿ ಏನು ಪ್ರಯೋಜನ ಎಂಬ ಮಾತು ಅಡ್ಡ ಬರುತ್ತಿತ್ತು. ಆವತ್ತು ಆ ರಾಳದ ಹೊಗೆ ಮೂಗಿಗೆ ಬಂದ ಮೇಲೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಮುಂದಿನ ಭಾನುವಾರ ಸ್ಕೂಟರ್ ಹತ್ತಿ ಹರದನಹಳ್ಳಿಗೆ ಹೋದೆ.

ಬಾಗಿಲು ತೆರೆದವಳು ಮಗಳು. ಬದನಗುಪ್ಪೆಯ ಒಂದು ಬಟ್ಟೆ ಫ್ಯಾಕ್ಟರಿಯಲ್ಲಿ ಕೆಲಸವಂತೆ, ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. "ಅವ್ವ ಓಗಿ ಎರಡು ವರ್ಸ ಆಯ್ತು. ನೀವ್ಯಾರು?" ಎಂದಳು. ಹೇಳಿದೆ. ಕೂರಿಸಿ ನೀರು ಕೊಟ್ಟಳು. ಐದು ನಿಮಿಷ ಮುಂದಿಟ್ಟದ್ದು, ಬರುತ್ತೇನೆಂದು ಬಾರದೆ ಹೋದದ್ದು, ಸಂಜೆ ಹಿಂದಕ್ಕಿಟ್ಟದ್ದು, ಅವರೆದುರು ಆಡಿದ ಮಾತು, ಎಲ್ಲವನ್ನೂ ನೆಲ ನೋಡಿಕೊಂಡೇ ಹೇಳಿ ಮುಗಿಸಿದೆ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಅಂಗಾರೆ ನಿಜವಾಗ್ಲೂ ಇತ್ತಾ ಐದು ನಿಮ್ಸ?" ಎಂದು ಕೇಳಿದಳು.

"ಇತ್ತು ತಾಯಿ."

ನನ್ನ ಮುಂದಿದ್ದ ನೀರಿನ ಲೋಟ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ನನಗಲ್ಲ, ಎದುರಿನ ಗೋಡೆಗೆ ಹೇಳುವಂತೆ ಹೇಳಿದಳು. "ನಾನು ನಂಬಿರ್ಲಿಲ್ಲ. ನನ್ಗೋಸ್ಕರ ಸುಳ್ಳು ಯೋಳ್ಬುಟ್ಳು ಅಂದ್ಕಂಡಿದ್ದೆ. ಐದು ನಿಮ್ಸ ಇತ್ತು ಕಣಮ್ಮಿ, ಇತ್ತು ಕಣಮ್ಮಿ ಅಂತ ಅವ್ವ ಯೋಳ್ದಾಗೆಲ್ಲ, ಸಾಕು ಬುಡವ್ವ, ನನ್ನ ಓದು ಕಳ್ದಿದ್ದು ಸಾಲ್ದಾ ಅಂತಿದ್ದೆ. ಕೊನೆಕೊನೆಗೆ ಯೋಳೋದ್ನೇ ಬುಟ್ಬುಟ್ಳು."

ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಅಕ್ಕನ ಕೆಲಸ ಕಳೆದೆ ಎಂದುಕೊಂಡಿದ್ದೆ, ಮಗಳ ವರ್ಷ ಕಳೆದೆ ಎಂದುಕೊಂಡಿದ್ದೆ. ಒಂದೇ ಸೂರಿನ ಕೆಳಗೆ ಇಬ್ಬರ ನಡುವೆ ಇಷ್ಟು ವರ್ಷ ನಾನೇ ಕೂತಿದ್ದೆ ಎಂದು ಕನಸಿನಲ್ಲೂ ಅನ್ನಿಸಿರಲಿಲ್ಲ.

ಆಕೆ ಒಳಗೆ ಹೋಗಿ ಒಂದು ನೋಟ್ ಪುಸ್ತಕದ ಹಾಳೆ ಹರಿದು, ಪೆನ್ನು ತಂದು ಮುಂದಿಟ್ಟಳು. "ಈಗ ಯೋಳುದ್ರಲ್ಲ, ಅದ್ನ ಬರ್ಕೊಡಿ." ಬರೆದೆ. ಆರೇಳು ಸಾಲು. ಕೆಳಗೆ ರುಜು ಹಾಕಿದೆ. ಆಕೆ ನಿಂತುಕೊಂಡೇ ಓದಿದಳು, ಮತ್ತೊಂದು ಸಲ ಓದಿದಳು, ನಾಲ್ಕು ಮಡಿಕೆ ಮಾಡಿದಳು. ಮಡಿಸಿದ್ದನ್ನು ಕೈಯಲ್ಲಿ ಹಿಡಿದುಕೊಂಡು ಮನೆಯ ಸುತ್ತ ಒಂದು ಸಲ ನೋಡಿದಳು.

"ಇದ್ನ ಈಗ ಯಾರ್ಗೆ ಕೊಡ್ಲಿ?" ಎಂದು ಕೇಳಿದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ. ಬಂದು ಎರಡು ತಿಂಗಳಾಗುತ್ತಾ ಬಂತು. ಆಕೆ ಆ ಹಾಳೆಯನ್ನು ಏನು ಮಾಡಿದಳೋ ನನಗೆ ಗೊತ್ತಿಲ್ಲ...