ಹನ್ನೆರಡನೆಯ ಸೂಜಿ

ಲವೋನ್ ಟ್ಯಾಡನ್ ಹೆದರಿದ್ದನ್ನು ನಾನು ನೋಡಿದ್ದು ಒಂದೇ ಸಲ. ಸುಂಟರಗಾಳಿ ಅವಳ ಕೊಟ್ಟಿಗೆಯ ಮಾಡನ್ನು ಹೊತ್ತುಕೊಂಡು ಹೋದ ದಿನ ಕೂಡ ಅವಳು ನೆಲಮಾಳಿಗೆಯಲ್ಲಿ ಕೂತು, "ಹೋಗ್ಲಿ ಬಿಡು, ಹೇಗೂ ಸೋರ್ತಿತ್ತು" ಅಂದವಳು. ಅಯೋವಾದ ಈ ಮೆಕ್ಕೆಜೋಳದ ಹೊಲಗಳ ನಡುವೆ ಐವತ್ತು ವರ್ಷ ಅವಳ ಎದುರುಮನೆಯಲ್ಲಿ ಬಾಳಿದ್ದೇನೆ. ಅವಳ ಬಾಯಿಗೆ ಊರೆಲ್ಲ ಹೆದರುತ್ತಿತ್ತು, ನಾನೂ ಸೇರಿದಂತೆ.

ಅವಳು ಹಾರ್ಮ್ಸ್ ಮನೆತನದ ಮಗಳು. ಇಪ್ಪತ್ತಕ್ಕೆ ಮರ್ಲ್ ಟ್ಯಾಡನ್‌ನನ್ನು ಮದುವೆಯಾಗಿ ನಮ್ಮ ರಸ್ತೆಗೆ ಬಂದಳು. ಆ ವರ್ಷವೇ ಕೌಂಟಿ ಜಾತ್ರೆಯ ಸ್ಪರ್ಧೆಗೆ ಒಂದು ಕೌದಿ ಇಟ್ಟಳು, ಆಮೇಲೆ ಒಂದು ವರ್ಷವೂ ತಪ್ಪಿಸಲಿಲ್ಲ. ಮರ್ಲ್ ತೀರಿಹೋದ ಬೇಸಿಗೆಯಲ್ಲೂ ಇಟ್ಟಳು. ಪ್ರತಿ ಕೌದಿಯ ಹಿಂಬದಿಯ ಮೂಲೆಯಲ್ಲೊಂದು ಬಿಳಿ ತುಂಡು, ಅದರ ಮೇಲೆ ನೀಲಿ ದಾರದಲ್ಲಿ ಕಸೂತಿ ಮಾಡಿದ ಹೆಸರು, ಇಸವಿ. ಬಹುಮಾನ ಬಂದರೆ ಸಹಜ ಎನ್ನುವ ಮುಖ, ಬರದಿದ್ದರೆ ತೀರ್ಪುಗಾರರಿಗೆ ಕಣ್ಣಿಲ್ಲ ಎನ್ನುವ ಮುಖ. ಅವಳ ಜಂಬವನ್ನು ಸಹಿಸಲು ಅವಳು ಮಾಡುವ, ಹುಳಿಸಿಹಿ ರುಬಾರ್ಬ್ ದಂಟಿನ ಕಡುಬು ತಿನ್ನಬೇಕಿತ್ತು.

ಸೂಜಿಗಳ ವಿಷಯದಲ್ಲಂತೂ ಅವಳದು ಮಡಿ. ಬೆಳಗಿನ ಕಾಫಿ ಮುಗಿದ ಮೇಲೆ ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ, ಟೊಮೇಟೊ ಆಕಾರದ ಕೆಂಪು ದಿಂಬಿಗೆ ಚುಚ್ಚಿಡುವಳು. ಸಂಜೆ ಎಣಿಸಿ ಹನ್ನೆರಡೂ ಇವೆ ಎಂದಾದ ಮೇಲೆಯೇ ಊಟ. ಇದಕ್ಕೊಂದು ಕಾರಣವೂ ಇತ್ತು. ಇಪ್ಪತ್ತು ವರ್ಷದ ಹಿಂದೆ ಜಾತ್ರೆಯ ಕೌದಿ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಡಾರ್ಲಾ ಕ್ರೂಸೆಯ ಕೌದಿಯಲ್ಲಿ ಉಳಿದಿದ್ದ ಗುಂಡುಸೂಜಿ ತೀರ್ಪುಗಾರ್ತಿಯ ಅಂಗೈಗೆ ಚುಚ್ಚಿ ರಕ್ತ ಬಂತು. ಲವೋನ್ ಎಲ್ಲರೆದುರು ಆ ಕೌದಿಯನ್ನು ಮೇಜಿನಿಂದ ಎತ್ತಿ ಡಾರ್ಲಾಳ ಕೈಗೆ ಕೊಟ್ಟು, ಅಂದೇ ನಿಯಮ ಬರೆದಳು: ಸೂಜಿ ಸಿಕ್ಕ ಕೌದಿ ಸ್ಪರ್ಧೆಯಿಂದ ಹೊರಗೆ. ಡಾರ್ಲಾ ಆರು ವರ್ಷ ಚರ್ಚಿನಲ್ಲಿ ಅವಳ ಮುಖ ನೋಡಲಿಲ್ಲ.

ಹೋದ ಜುಲೈನಲ್ಲಿ, ತೀರ್ಪಿನ ದಿನ ಬೆಳಿಗ್ಗೆ ಅವಳ ಫೋನು ಬಂತು.

"ಆರ್ಲಿಸ್, ಹನ್ನೊಂದೇ ಇವೆ."

ನಾನು ಬಾಗಿಲು ಕೂಡ ಹಾಕದೆ ರಸ್ತೆ ದಾಟಿದೆ. ಅಡುಗೆಮನೆಯ ಮೇಜಿನ ಮೇಲೆ ಸೂಜಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಕೌದಿಯನ್ನು ಹಿಂದಿನ ಸಂಜೆಯೇ ಜಾತ್ರೆಯ ಸಭಾಂಗಣಕ್ಕೆ ಒಪ್ಪಿಸಿ ಆಗಿತ್ತು, ಆ ಗಡಿಬಿಡಿಯಲ್ಲಿ ಸೂಜಿ ಎಣಿಸಿರಲಿಲ್ಲ. ಒಪ್ಪಿಸಿದ ಮೇಲೆ ತೀರ್ಪಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ತೀರ್ಪುಗಾರ್ತಿಯ ಮಾತು ಬರೆದುಕೊಳ್ಳುವ ಗುಮಾಸ್ತೆ ನಾನೇ.

"ನಾನು ಬೇಗ ಹೋಗಿ ಸುಮ್ನೆ ಒಂದ್ಸಲ ಕೈಯಾಡಿಸಿ ಬರ್ಲಾ?" ಅಂದೆ.

"ಮುಟ್ಟಿದ್ರೆ ನೋಡು" ಅಂದಳು. ಆಮೇಲೆ ಕೂದಲೆಳೆಯಷ್ಟು ಸಣ್ಣ ದನಿಯಲ್ಲಿ, "ಸೂಜಿ ಕೌದಿಯಲ್ಲೇ ಸಿಗ್ಲಿ ಅಂತ ಬೇಡ್ಕೊಂತಿದೀನಿ ಕಣೆ. ಸಿಕ್ರೆ, ಮರೆತೆ ಅಷ್ಟೇ. ಸಿಗದಿದ್ರೆ, ಹನ್ನೆರಡು ಇದ್ದದ್ದೇ ಸುಳ್ಳು. ಮೊನ್ನೆ ಎಣಿಸಿದ್ದು, ಆಚೆ ಮೊನ್ನೆ ಎಣಿಸಿದ್ದು, ಎಲ್ಲಾ ಸುಳ್ಳು. ಅಮ್ಮನಿಗೂ ಮೊದಲು ಹೋಗಿದ್ದು ಎಣಿಕೆನೇ."

ಅವಳ ಅಮ್ಮ ಮರೆವು ಹತ್ತಿ, ಕೊನೆಯ ನಾಲ್ಕು ವರ್ಷ ಆರೈಕೆ ಮನೆಯಲ್ಲಿ ಲವೋನಳನ್ನು ಅಕ್ಕ ಎಂದು ಕರೆಯುತ್ತಿದ್ದಳು. ಈ ಜಾತ್ರೆಗೆ ಮುಂಚಿನ ವಸಂತದಲ್ಲಿ ಲವೋನ್ ಕಾರನ್ನು ಚರ್ಚಿನ ಮುಂದೆಯೇ ಬಿಟ್ಟು ಮೂರು ಮೈಲಿ ನಡೆದು ಮನೆಗೆ ಬಂದಿದ್ದಳು. ಹವಾ ಚೆನ್ನಾಗಿತ್ತು, ಅದಕ್ಕೇ ನಡೆದೆ ಅಂದಿದ್ದಳು. ನಾನು ನಂಬಿದ್ದೆ. ನಂಬುವುದು ಸುಲಭವಿತ್ತು. ಈಗ ಅವಳು ಆ ಹನ್ನೊಂದನ್ನು ಬೆರಳಿಂದ ಮುಟ್ಟಿ ಮುಟ್ಟಿ ಮತ್ತೆ ಎಣಿಸುವಾಗ ನನಗೆ ಆ ನಂಬಿಕೆ ಉಳಿಯಲಿಲ್ಲ.

ಸಭಾಂಗಣದಲ್ಲಿ ಒಂಬತ್ತಕ್ಕೇ ಸೆಕೆ. ಪಕ್ಕದ ಹಂದಿ ಕೊಟ್ಟಿಗೆಯ ಧ್ವನಿವರ್ಧಕ ಯಾರದೋ ಹೆಸರು ಕೂಗುತ್ತಿತ್ತು. ತೀರ್ಪುಗಾರ್ತಿ ಬೆರಾನೆಕ್ ಪಕ್ಕದ ಕೌಂಟಿಯವಳು, ಗಂಭೀರ ಹೆಂಗಸು. ಹೆಸರು ಕಾಣದಂತೆ ಪ್ರತಿ ಕೌದಿಯ ಮೂಲೆಯ ಮೇಲೂ ಹೊಲಿದವರೇ ಮನೆಯಲ್ಲಿ ಒಂದು ಬಟ್ಟೆಯನ್ನು ಸಡಿಲವಾಗಿ ಟಾಕಿ ಹಾಕಿ ಮುಚ್ಚಿರುತ್ತಾರೆ. ತೀರ್ಪಾದ ಮೇಲೆ ಅದನ್ನು ಬಿಚ್ಚುವ ಕೆಲಸ ನನ್ನದು.

ಲವೋನಳ ಕೌದಿ ಮೇಜಿಗೆ ಬಂತು. ಬೆರಾನೆಕ್ ಬರಿಗೈಯನ್ನು ಅದರ ಮೇಲೆ ಒತ್ತಿ ಎಳೆದಳು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ನಾನು ಲೇಖನಿ ಹಿಡಿದು ಆ ಅಂಗೈಯನ್ನೇ ನೋಡುತ್ತಿದ್ದೆ. ಎರಡನೇ ಸಾಲಿನ ಕುರ್ಚಿಯಲ್ಲಿ ಲವೋನ್ ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ತಿರುವಿ ಹಾಕಿದರು. ಮತ್ತೆ ಆ ಅಂಗೈ. ಏನೂ ಚುಚ್ಚಲಿಲ್ಲ.

"ಇಂಚಿಗೆ ಹತ್ತು ಹೊಲಿಗೆ, ಎಲ್ಲೂ ಏರುಪೇರಿಲ್ಲ" ಅಂದಳು ಬೆರಾನೆಕ್. "ಈ ಕೈಗೆ ತಾನು ಏನು ಮಾಡ್ತಿದೀನಿ ಅಂತ ಗೊತ್ತು."

ನೀಲಿ ರಿಬ್ಬನ್, ಮೊದಲ ಬಹುಮಾನ. ಜನ ಚಪ್ಪಾಳೆ ತಟ್ಟಿದರು. ಲವೋನಳ ಮುಖ ಸುಣ್ಣದಂತೆ ಬೆಳ್ಳಗಾಯಿತು. ಗೆದ್ದು ಹಾಗೆ ಕುಸಿದವರನ್ನು ನಾನು ನೋಡಿಲ್ಲ. ಕುರ್ಚಿಯ ಬೆನ್ನು ಹಿಡಿದು ಎದ್ದಳು, ಎದ್ದು ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತಳು.

ನಾನು ಟಾಕಿ ಕತ್ತರಿಸಿ ಮುಚ್ಚುಬಟ್ಟೆ ಎತ್ತಿದೆ. ಅದರ ಮಡಿಕೆಯಲ್ಲಿ ಅಡ್ಡಡ್ಡ ಮಲಗಿತ್ತು ಹನ್ನೆರಡನೆಯ ಸೂಜಿ, ನೀಲಿ ದಾರದ ಸಮೇತ.

"ಸಿಕ್ತು" ಅಂದೆ. ದನಿ ನನಗರಿವಿಲ್ಲದೆ ಏರಿತ್ತು.

ಲವೋನ್ ನಗತೊಡಗಿದಳು. ಕಣ್ಣೀರು ಬರುವಷ್ಟು ನಕ್ಕಳು. "ತೆಗೀರಿ ಆ ರಿಬ್ಬನ್ನು" ಅಂದಳು. "ನಿಯಮ ಬರೆದವಳೇ ನಾನು. ಹೊರಗೆ ಹಾಕಿ ನನ್ನ."

ಹಿಂದಿನ ಸಾಲಿನಿಂದ ಡಾರ್ಲಾ ಎದ್ದು ಮೇಜಿನ ಹತ್ತಿರವೇ ಬಂದಳು. "ಈ ದಿನಕ್ಕೆ ಇಪ್ಪತ್ತು ವರ್ಷ ಕಾದೆ. ಕಣ್ತುಂಬಾ ನೋಡ್ಬಿಡ್ತೀನಿ."

"ನೋಡ್ಕೋ, ನೋಡ್ಕೋ. ಫೋಟೋನೂ ತೆಗ್ಸು" ಅಂದಳು ಲವೋನ್. ಸಭಾಂಗಣವೆಲ್ಲ ನಕ್ಕಿತು.

ನಾನೂ ನಗುತ್ತ, ಪುಸ್ತಕದಲ್ಲಿ ಬರೆಯಲೆಂದು ಮೂಲೆಯ ಕಸೂತಿ ನೋಡಿದೆ. ಇಸವಿ ಈ ವರ್ಷದ್ದೇ. ಅಕ್ಷರಗಳು ಮುತ್ತು ಜೋಡಿಸಿದಂತಿದ್ದವು. ಲವೋನ್ ಹಾರ್ಮ್ಸ್ ಎಂದಿತ್ತು.

ಮದುವೆಯಾದ ಮೇಲೆ, ಐವತ್ತು ವರ್ಷದಲ್ಲಿ ಒಮ್ಮೆಯೂ ಅವಳು ಆ ತವರಿನ ಹೆಸರು ಬರೆದಿರಲಿಲ್ಲ. ಹೆಬ್ಬೆರಳನ್ನು ಅದರ ಮೇಲಿಟ್ಟೆ, ಅಷ್ಟರಲ್ಲಿ ಲವೋನ್ ಬಂದು ಅದನ್ನು ಸರಿಸಿದಳು. ಹೆಸರಿನ ಮೇಲೆ ನಿಧಾನವಾಗಿ ಬೆರಳೆಳೆದು ಓದಿದಳು.

"ಅಕ್ಷರ ನೆಟ್ಟಗೆ ಬಂದಿವೆ, ಅಲ್ವಾ?"

"ಬಂದಿವೆ" ಅಂದೆ.

"ಬೆಳಿಗ್ಗೆ ನಿನ್ನೂ ಹೆದರಿಸ್ಬಿಟ್ಟೆ. ನೋಡು, ಹನ್ನೆರಡು ಇದ್ದದ್ದು ನಿಜ." ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು, ಹಗುರವಾಗಿ ನಿಂಬೆ ಪಾನಕದ ಅಂಗಡಿಯ ಕಡೆ ನಡೆದಳು.

ಡಾರ್ಲಾಳ ನಗು ಯಾವಾಗಲೋ ನಿಂತಿತ್ತು, ಅವಳೂ ಓದಿದ್ದಳು. ಕೌದಿಯ ಆಚೆಯ ಎರಡು ಮೂಲೆ ಹಿಡಿದಳು. ಹೆಸರು ಒಳಗೆ ಬರುವಂತೆ ಇಬ್ಬರೂ ಸೇರಿ ಮಡಿಸಿದೆವು, ಒಮ್ಮೆ, ಮತ್ತೊಮ್ಮೆ.

"ಡಾರ್ಲಾ, ನಿನಗೂ ಒಂದು ಪಾನಕ ತರ್ಲೇನೆ?" ಲವೋನ್ ಬಾಗಿಲಿಂದ ಕೂಗಿದಳು.

"ತಾ" ಅನ್ನಲು ಡಾರ್ಲಾ ಎರಡು ಸಲ ಬಾಯಿ ತೆರೆಯಬೇಕಾಯಿತು.